ಇಲ್ಲ, ಅಲ್ಲಿ ದೆವ್ವ ಇರಲಿಲ್ಲ

ಲಂಡನ್ನಿನ ಕಿಂಗ್ ವಿಲಿಯಂ ಸ್ಟ್ರೀಟ್ ಅನ್ನುವ ನೆಲದಡಿಯ ರೈಲು ಸ್ಟೇಷನ್ ಶುರುವಾಗಿದ್ದು 1890ರ ಡಿಸೆಂಬರಿನಲ್ಲಿ. ಮುಚ್ಚಿದ್ದು 1900ರ ಫೆಬ್ರವರಿಯಲ್ಲಿ. ಹತ್ತು ವರ್ಷವೂ ತುಂಬಲಿಲ್ಲ. ನನಗೆ ಇದರ ಹುಚ್ಚು ಅಂತ ಗೊತ್ತಾದವರೆಲ್ಲ ಕೇಳೋದು ಒಂದೇ ಪ್ರಶ್ನೆ: "ಯಾಕೆ ಮುಚ್ಚಿದ್ರು? ದೆವ್ವ ಇತ್ತಾ?" ಅದೂ ದನಿ ತಗ್ಗಿಸಿ.

ಇಲ್ಲ ಮಾರಾಯ್ರೇ. ಎರಡನೇ ಮಹಾಯುದ್ಧದಲ್ಲಿ ಬಾಂಬು ಬೀಳುವಾಗ ಜನ ಅದೇ ಸುರಂಗಕ್ಕೆ ಇಳಿದು ಜೀವ ಉಳಿಸಿಕೊಂಡರು. ದೆವ್ವ ಇದ್ದಿದ್ದರೆ ಅವರೇ ಬಂದು ಹೇಳುತ್ತಿದ್ದರು.

ಮುಚ್ಚಿಸಿದ್ದು ಏರು ಮತ್ತು ತಿರುವು. ನೆಲದಾಳದಲ್ಲಿ ವಿದ್ಯುತ್ತಿನಿಂದ ಓಡಿದ ಮೊದಲ ರೈಲು ಇದು. ಸ್ಟಾಕ್‌ವೆಲ್‌ನಿಂದ ಹೊರಟು, ಥೇಮ್ಸ್ ನದಿಯ ಕೆಳಗೆ ಹಾದು, ಈ ಸ್ಟೇಷನ್ನಿಗೆ ಬಂದು ನಿಲ್ಲುತ್ತಿತ್ತು. ಎಲ್ಲಿ ಹತ್ತಿ ಎಲ್ಲಿ ಇಳಿದರೂ ಎರಡು ಪೆನ್ನಿ. ಆದರೆ ಸುರಂಗದ ಲೆಕ್ಕ ಹಾಕಿದ್ದು ಬೋಗಿಗಳನ್ನು ಕೇಬಲ್ಲಿನಿಂದ ಎಳೆಯೋದಕ್ಕೆ, ಬಾವಿಯಿಂದ ಕೊಡ ಸೇದಿದ ಹಾಗೆ. ಹಗ್ಗಕ್ಕೆ ಏರಿನ ಚಿಂತೆ ಇಲ್ಲವಲ್ಲ. ಕೆಲಸ ನಡೆಯುತ್ತಿರುವಾಗಲೇ, 1888ರಲ್ಲಿ, ಕೇಬಲ್ ಕಂಪನಿ ಮುಳುಗಿತು. ಆಮೇಲೆ ಪುಟ್ಟ ವಿದ್ಯುತ್ ಎಂಜಿನ್ನುಗಳು ಬಂದವು. ಹಿಂದೆ ಮೂರು ಬೋಗಿ. ಕೊನೇ ಏರು ಹತ್ತಲಾಗದೆ ರೈಲು ಕೆಲವು ಸಲ ಹಿಂದಕ್ಕೆ ಜಾರಿ, ಮತ್ತೆ ಓಡಿ ಬರಬೇಕಿತ್ತು. ಸುರಂಗದಲ್ಲಿ ನೋಡೋದೇನಿದೆ ಅಂತ ಕಿಟಕಿಗಳನ್ನೂ ಸಣ್ಣ ಸೀಳಿನಷ್ಟೇ ಇಟ್ಟಿದ್ದರು. ಒಳಗೆ ಕೂತವರ ಸ್ಥಿತಿ ಯೋಚಿಸಿ! ಸ್ಟೇಷನ್ನಿನಲ್ಲಿ ಜಾಗವೂ ಇಕ್ಕಟ್ಟು. 1895ರಲ್ಲಿ ಒಂದು ಹಳಿಯನ್ನು ಎರಡು ಮಾಡಿದರು, ಸಾಲಲಿಲ್ಲ. ಕೊನೆಗೆ ಬೇರೆ ಸುರಂಗ ತೋಡಿ, ಮಾರ್ಗವನ್ನೇ ಮೂರ್ಗೇಟ್ ಕಡೆ ಒಯ್ದು, ಇದನ್ನು ಕೈಬಿಟ್ಟರು.

ಇಷ್ಟು ಹೇಳಿದ ಮೇಲೂ "ಅಷ್ಟೇನಾ?" ಅನ್ನುವ ಮುಖ ನೋಡಿದರೆ ಮೈ ಉರಿಯುತ್ತದೆ.

ಕೇಳಬೇಕಾದ್ದನ್ನು ಕೇಳಿದ್ದು ಹಾಸನದಿಂದ ಬಂದಿದ್ದ ನಮ್ಮ ಚಿಕ್ಕಮ್ಮ ಒಬ್ಬರೇ. ಆ ಬೀದಿಯಲ್ಲಿ, ಚಳಿಗೆ ಸೆರಗಿನ ಮೇಲೆ ಶಾಲು ಹೊದ್ದು ನಿಂತು, "ಅಲ್ಲ ಕಣೋ, ತೋಡೋದೇ ತೋಡಿದ್ರು, ಅಷ್ಟು ಡೊಂಕಾಗಿ ಯಾಕೆ ತೋಡಿದ್ರು?" ಎಂದರು.

ನನಗೆ ತಬ್ಬಿಕೊಳ್ಳುವಷ್ಟು ಖುಷಿ. ಯಾಕಂದ್ರೆ ಮನೆಗಳ ಅಡಿಯಲ್ಲಿ ತೋಡಿದರೆ ಮಾಲೀಕರಿಗೆ ದುಡ್ಡು ಕೊಡಬೇಕು, ಚಿಕ್ಕಮ್ಮ. ರಸ್ತೆ ಅಡಿಯಲ್ಲಾದರೆ ಆ ತಾಪತ್ರಯ ಇಲ್ಲ. ಹಾಗಾಗಿ ರಸ್ತೆ ಹೇಗೆ ತಿರುಗಿತೋ ಸುರಂಗವೂ ಹಾಗೇ ತಿರುಗಿತು. ದಾರಿಯಲ್ಲಿನ ಸ್ವಾನ್ ಲೇನ್ ಅನ್ನುವ ಓಣಿ ಎಷ್ಟು ಕಿರಿದೆಂದರೆ ಎರಡು ಸುರಂಗ ಪಕ್ಕಪಕ್ಕ ಹಿಡಿಸಲೇ ಇಲ್ಲ, ಒಂದರ ಮೇಲೊಂದು ತೋಡಿದರು.

"ನಮ್ಮೂರ ರಸ್ತೆ ಡೊಂಕಾಗಿದ್ದೂ ಹಿಂಗೇ," ಎಂದರು ಚಿಕ್ಕಮ್ಮ. "ಯಾರ ತೋಟ ಉಳಿಯಿತು ಅಂತ ಹೇಳ್ಲಾ?" ಮನೆ ತಲುಪುವ ತನಕ ಅದೇ ಕತೆ. ನನ್ನ ಸ್ಟೇಷನ್ ಅಲ್ಲೇ ಉಳಿಯಿತು.