ಎಡಕ್ಕೆ, ಕೆಳಗೆ

ಡಿಸೆಂಬರ್‌ನಲ್ಲಿ ಬೆಳಗಾವಿಯಲ್ಲಿ ಅಧಿವೇಶನ ಅಂದರೆ ನಮ್ಮ ಪೊಲೀಸ್ ಕೋತ್‌ನವರಿಗೆ, ಅಂದರೆ ಆಯುಧದ ಕೋಣೆಯವರಿಗೆ, ನವೆಂಬರ್‌ನಲ್ಲೇ ನಿದ್ದೆ ಹೋಗುತ್ತದೆ. ಪಿಎಸ್‌ಒ (ಗಣ್ಯರ ಅಂಗರಕ್ಷಕ) ಡ್ಯೂಟಿಗೆ ಹೋಗುವವರೆಲ್ಲ ಮೊದಲು ರೇಂಜ್‌ಗೆ ಬಂದು ಕ್ಲಾಸಿಫಿಕೇಶನ್ ಎಂಬ ಗುರಿ ಪರೀಕ್ಷೆ ಪಾಸಾಗಬೇಕು. ಆ ವರ್ಷ ಇನ್ನೊಂದು ತಲೆನೋವೂ ಜೊತೆಗಿತ್ತು. ಹಳೆಯ 9 ಎಂಎಂ 1ಎ ಪಿಸ್ತೂಲಿನ ಜಾಗದಲ್ಲಿ ಗ್ಲಾಕ್ 17 ಬಂದಿತ್ತು, ಅದರ ನಾಲ್ಕನೇ ಪೀಳಿಗೆ, ಜೆನ್ 4.

1ಎ ಇಶಾಪುರ ಕಾರ್ಖಾನೆಯ ಮಾಲು, ಬ್ರೌನಿಂಗ್ ಹೈ-ಪವರ್ ತಳಿ. ಪೂರ್ತಿ ಉಕ್ಕು, 13 ರೌಂಡ್. ತೂಕ ಜಾಸ್ತಿ, ಆದರೆ ಹಿಡಿ ತೆಳ್ಳಗೆ. ಎಂಥ ಕೈಗೂ ಕೂರುತ್ತಿತ್ತು. ಗ್ಲಾಕ್ ಫ್ರೇಮ್ ಪಾಲಿಮರ್. ಮ್ಯಾಗಜಿನ್ ಬಿಟ್ಟರೆ 630 ಗ್ರಾಂ ಆಸುಪಾಸು, 17 ರೌಂಡ್ ಹಿಡಿಸುತ್ತದೆ. ನಮ್ಮ ಹುಡುಗರು ಮೊದಲ ದಿನವೇ ಅದಕ್ಕೆ ‘ಪ್ಲಾಸ್ಟಿಕ್’ ಅಂತ ಹೆಸರಿಟ್ಟರು. ಉಕ್ಕೆಲ್ಲ ಮೇಲೆ, ಹೊಡೆದಾಗ ಹಿಂದೆ ಮುಂದೆ ಓಡುವ ಸ್ಲೈಡ್‌ನಲ್ಲಿ, ಕೆಳಗೆಲ್ಲ ಹಗುರ. ಮ್ಯಾಗಜಿನ್ ಖಾಲಿಯಾಗುತ್ತಾ ಬಂದ ಹಾಗೆ ತಲೆಭಾರ ಅನಿಸುತ್ತದೆ.

ಹಳೆಯ ಹವಾಲ್ದಾರರ ಕಷ್ಟ ಕೇಳಬೇಡಿ. ಎರಡು ದಿನ ರೇಂಜ್ ತುಂಬಾ ಹೆಬ್ಬೆರಳುಗಳು ಇಲ್ಲದ ಸೇಫ್ಟಿಯನ್ನು ಹುಡುಕುತ್ತಿದ್ದವು. ಇದರಲ್ಲಿ ಹೊರಗಿನ ಸೇಫ್ಟಿ ಇರುವುದು ಟ್ರಿಗರ್ ಮಧ್ಯದ ಸಣ್ಣ ಎಸಳಿನಲ್ಲಿ. ಬೆರಳು ಹೊರಗೆ ಇಡುವುದೇ ಅಭ್ಯಾಸ ಆಗಬೇಕು. ಹಿಡಿಯ ಓರೆಯೂ ಬೇರೆ. 1ಎ ರೂಢಿಯಲ್ಲಿ ಕಣ್ಣು ಮುಚ್ಚಿ ಎತ್ತಿದರೆ ಬ್ಯಾರಲ್ ಗುರಿಗಿಂತ ಮೇಲೆ ನೋಡುತ್ತದೆ. ನನಗೇ ಒಂದು ವಾರ ಹಿಡಿಯಿತು.

ಜೆನ್ 4ರಲ್ಲಿ ಹಿಡಿಯ ಹಿಂಭಾಗಕ್ಕೆ ಹಾಕುವ ಬ್ಯಾಕ್‌ಸ್ಟ್ರಾಪ್ ಬರುತ್ತವೆ. ಏನೂ ಹಾಕದಿದ್ದರೆ ಹಿಡಿ ಚಿಕ್ಕದು. ನಡುವಿನದು ಹಾಕಿದರೆ ಹಿಂದಿನಿಂದ ಟ್ರಿಗರ್‌ಗೆ 2 ಮಿಮೀ ದೂರ ಹೆಚ್ಚುತ್ತದೆ, ದೊಡ್ಡದು ಹಾಕಿದರೆ 4 ಮಿಮೀ. ನನ್ನದು ದೊಡ್ಡ ಕೈ, ಹುಡುಗನಿದ್ದಾಗ ಮಣ್ಣಿನ ಅಖಾಡದಲ್ಲಿ ಬೆಳೆದದ್ದು. ಟ್ರಯಲ್ ದಿನ ದೊಡ್ಡದು ಹಾಕಿಸಿ ಹೊಡೆದೆ, ಗ್ರೂಪ್, ಅಂದರೆ ಏಟುಗಳ ಗುಂಪು, ಅಂಗೈಯಲ್ಲಿ ಮುಚ್ಚುವಷ್ಟು ಬಂತು. ಆಯುಧ ರಿಪೇರಿಯ ಆರ್ಮರರ್‌ಗೆ ಹೇಳಿದೆ, ರೇಂಜ್‌ನ ಎಲ್ಲ ಪಿಸ್ತೂಲಿಗೂ ಇದನ್ನೇ ಹಾಕಿಬಿಡಪ್ಪ. ಅವನು ಹಾಕಿದ. ಉಳಿದ ತುಂಡುಗಳು ಡಬ್ಬಿ ಸೇರಿ ಕೋತ್‌ನ ಬೀರುವಿಗೆ ಹೋದವು. ಅದನ್ನು ನಾನು ಪೂರ್ತಿ ಮರೆತೆ.

ಜಮಖಂಡಿ ಕಡೆಯ ಒಬ್ಬ ಮಹಿಳಾ ಕಾನ್‌ಸ್ಟೇಬಲ್ ಇದ್ದಳು. 1ಎಯಲ್ಲಿ ಚೆನ್ನಾಗಿ ಹೊಡೆದವಳು, ರಜಿಸ್ಟರ್‌ನಲ್ಲಿ ನನ್ನ ಕೈಬರಹದಲ್ಲೇ ಇದೆ. ಗ್ಲಾಕ್ ಕೊಟ್ಟ ಮೇಲೆ ಎಲ್ಲ ಏಟೂ ಎಡಕ್ಕೆ, ಕೆಳಗೆ. ಬಲಗೈಯವರು ಎಡಕ್ಕೆ ಕೆಳಗೆ ಹೊಡೆದರೆ ಇನ್‌ಸ್ಟ್ರಕ್ಟರ್ ಬಾಯಲ್ಲಿ ಉತ್ತರ ರೆಡಿ ಇರುತ್ತದೆ: ಟ್ರಿಗರ್ ಸ್ನ್ಯಾಚ್ (ಟ್ರಿಗರ್ ಜಗ್ಗಿ ಎಳೆಯುವುದು), ಸದ್ದಿನ ಹೆದರಿಕೆ. ನಾನೂ ಅದನ್ನೇ ಅಂದೆ. ಫ್ರಂಟ್ ಸೈಟ್ ಹಿಂದೆ ಒಂದು ರೂಪಾಯಿ ನಾಣ್ಯ ಇಟ್ಟು ಡ್ರೈ ಮಾಡಿಸಿದೆ, ಅಂದರೆ ಖಾಲಿ ಪಿಸ್ತೂಲಿನ ಟ್ರಿಗರ್ ಎಳೆಸಿದೆ. ನಾಣ್ಯ ಬಿತ್ತು. ನೋಡು, ನಾ ಹೇಳಲಿಲ್ಲವಾ, ಅಂದೆ.

ಅವಳು ಏನೋ ಹೇಳಲು ಬಂದಳು. ಮುಂದಿನ ಡಿಟೇಲ್, ಹೊಡೆಯುವವರ ತಂಡ, ಕಾಯುತ್ತಿತ್ತು. ಪಿಸ್ತೂಲು ಕಸಿದುಕೊಂಡು ನಾನೇ ಐದು ರೌಂಡ್ ಹೊಡೆದೆ. ಐದೂ ನಡುವೆ. “ಪಿಸ್ತೂಲು ಸರಿ ಐತಿ. ನೀನ ಸರಿ ಇಲ್ಲ” ಅಂದೆ. ಹತ್ತು ಜನ ನಕ್ಕರು. ಆಗ ಮಜಾ ಅನಿಸಿತ್ತು.

ಮರುದಿನ ಬೆಳಿಗ್ಗೆ ರೀಫೈರ್, ಅಂದರೆ ಫೇಲಾದವರಿಗೆ ಇನ್ನೊಂದು ಸಲ. ಬೆಳಗಾವಿ ಚಳಿ, ಗುರಿಯ ಹಿಂದಿನ ಬಟ್ (ಮಣ್ಣಿನ ದಿಬ್ಬ) ಮೇಲೆ ಇನ್ನೂ ಮಂಜು. ಎಡಗಡೆ ಲೇನ್‌ನಲ್ಲಿ ಹೊಸ ಹುಡುಗ, ಬಲಗಡೆ ಇವಳು, ಹಿಂದೆ ನಾನು. ಅವಳ ಮೂರನೇ ಏಟಿಗೆ ಖೋಕಾ (ಹೊಡೆದ ಗುಂಡಿನ ಖಾಲಿ ಕವಚ) ಹೊರಗೆ ಹಾರಲಿಲ್ಲ. ಸ್ಲೈಡ್‌ನಲ್ಲಿ ಸಿಕ್ಕಿ ನೆಟ್ಟಗೆ ನಿಂತಿತು, ಚಿಮಣಿ ಹಾಗೆ. ಅವಳು ಗಾಬರಿಯಾಗಿ “ಸರ್, ಸಿಕ್ಕಾಕ್ಕೊಂಡೈತ್ರಿ” ಅಂತ ನನ್ನ ಕಡೆ ತಿರುಗಿದಳು. ಮೈಯ ಜೊತೆ ಕೈ ತಿರುಗಿತು, ಕೈಯ ಜೊತೆ ಬ್ಯಾರಲ್. ಹೊಸ ಹುಡುಗನ ಬೆನ್ನಿನ ಕಡೆ.

ಎಷ್ಟು ಹೊತ್ತು ಅಂತ ಕೇಳಿದರೆ ಎರಡು ಸೆಕೆಂಡ್ ಇರಬಹುದು. ಆ ಎರಡು ಸೆಕೆಂಡಿನಲ್ಲಿ ನಾನು ನೋಡಿದ್ದು ಬ್ಯಾರಲ್ ಅಲ್ಲ, ಅವಳ ಬೆರಳು. ಅದು ಟ್ರಿಗರ್ ಗಾರ್ಡ್ ಒಳಗೇ ಇತ್ತು. ಎರಡೂ ಕೈಯಿಂದ ಅವಳ ಮಣಿಕಟ್ಟು ಹಿಡಿದು ನೆಲಕ್ಕೆ ಒತ್ತಿದೆ. ಬೂಟಿನ ಮುಂದೆ ಕೆಂಪು ಮಣ್ಣು ಕಾಣಿಸಿತು, ಅಷ್ಟೇ ನೆನಪು. ಹಾಗೇ ಹಿಡಿದುಕೊಂಡು ಮ್ಯಾಗಜಿನ್ ಇಳಿಸಿದೆ, ಸ್ಲೈಡ್ ಎಳೆದೆ. ಖೋಕಾ ಎಲ್ಲಿಗೋ ಹಾರಿತು. ಹೊಸ ಹುಡುಗ ಏನೂ ಗೊತ್ತಿಲ್ಲದೆ ತನ್ನ ರೌಂಡ್ ಮುಗಿಸುತ್ತಿದ್ದ. ಆಮೇಲೆ ಸೀಟಿ ಊದಿದೆ. ಸೀಟಿ ಬಾಯಿಗೆ ಇಡುವಾಗ ಕೈ ನಡುಗುತ್ತಿತ್ತು.

ನಡುಕ ಮುಚ್ಚಲು ಕೂಗಾಡಿದೆ. ಏನೇನೋ ಅಂದೆ. ಅವಳು ಅಟೆನ್ಶನ್‌ನಲ್ಲಿ ನಿಂತು ಎಲ್ಲ ಕೇಳಿಸಿಕೊಂಡಳು. ಆಮೇಲೆ ಮೆಲ್ಲಗೆ ಅಂದಳು: “ತಿರುಗಿದ್ದು ನನ್ನ ತಪ್ರಿ ಸರ್. ಆದ್ರ ನನ್ನ ಬೆರಳು ಟ್ರಿಗರ್ ಮ್ಯಾಲ ಪೂರ್ತಿ ಬರಂಗಿಲ್ರಿ. ನಿನ್ನೆನ ಹೇಳಾಕ ಬಂದಿದ್ದೆ.”

ಖಾಲಿ ಪಿಸ್ತೂಲು ಕೊಟ್ಟು ಹಿಡಿದು ತೋರಿಸು ಅಂದೆ. ನೋಡಲು ಒಂದು ನಿಮಿಷವೂ ಬೇಕಾಗಲಿಲ್ಲ. ಸರಿಯಾಗಿ ಹಿಡಿದರೆ ಉಗುರ ತುದಿ ಮಾತ್ರ ಟ್ರಿಗರ್‌ಗೆ ತಾಕುತ್ತಿತ್ತು. ಆ ತುದಿಯಿಂದ ಎಳೆದರೆ ಟ್ರಿಗರ್ ಹಿಂದಕ್ಕೆ ಬರುವ ಬದಲು ಪಿಸ್ತೂಲು ಎಡಕ್ಕೆ ತಳ್ಳಿಸಿಕೊಳ್ಳುತ್ತದೆ. ಬೆರಳು ಎಟುಕಲಿ ಅಂತ ಹಿಡಿಯನ್ನು ಹೊರಳಿಸಿದರೆ ಒದೆ ಅಂಗೈಯ ಕವಲಿಗೆ ಬೀಳದೆ ಹೆಬ್ಬೆರಳ ಬುಡಕ್ಕೆ ಬೀಳುತ್ತದೆ, ಮಣಿಕಟ್ಟು ಸಡಿಲ. ಹಗುರ ಫ್ರೇಮು ಸ್ಲೈಡ್ ಜೊತೆ ತಾನೂ ಹಿಂದಕ್ಕೆ ಹೋದರೆ ಸ್ಲೈಡ್ ಪೂರ್ತಿ ಓಡುವುದಿಲ್ಲ. ಖೋಕಾ ನಿಂತದ್ದು ಅದಕ್ಕೆ. ಭಾರದ 1ಎ ಇಂಥ ಸಡಿಲ ಹಿಡಿತವನ್ನು ಎಷ್ಟೋ ಸಲ ಹೊಟ್ಟೆಗೆ ಹಾಕಿಕೊಳ್ಳುತ್ತಿತ್ತು. ನಾಣ್ಯ ಬಿದ್ದದ್ದಕ್ಕೂ ಹೆದರಿಕೆಗೂ ಸಂಬಂಧವೇ ಇರಲಿಲ್ಲ. ಮತ್ತೆ ಆ ದೊಡ್ಡ ಸ್ಟ್ರಾಪ್ ಹಾಕಿಸಿದ್ದು ಯಾರು ಅಂತ ಆರ್ಮರರ್ ಕೇಳಲಿಲ್ಲ, ಸುಮ್ನೆ ನನ್ನ ಮುಖ ನೋಡಿದ.

ಇನ್ನು ನಮ್ಮ ಸ್ಟೋರ್ ಪುರಾಣ. ಸ್ಟ್ರಾಪ್ ತೆಗೆದರೆ ಟ್ರಿಗರ್ ಹೌಸಿಂಗ್‌ನ ಉದ್ದ ಪಿನ್ನೂ ತೆಗೆದು ಗಿಡ್ಡದು ಹಾಕಬೇಕು. ಪಿನ್ನು, ಅದನ್ನು ತಳ್ಳುವ ಪುಟ್ಟ ಟೂಲು ಎಲ್ಲ ಆ ಡಬ್ಬಿಯಲ್ಲೇ. ಎರಡು ನಿಮಿಷದ ಕೆಲಸ. ಆದರೆ ಡಬ್ಬಿ ಇನ್ನೂ ಲೆಡ್ಜರ್‌ಗೆ ಏರಿಲ್ಲ, ಏರದ ಸಾಮಾನು ಇಶ್ಯೂ ಮಾಡಲು ಬರಲ್ಲ ಅಂತ ರೈಟರ್ ಕೂತ. ಸಾಹೇಬರ ಸಹಿ ಬೇಕು, ಸಾಹೇಬರು ಬಂದೋಬಸ್ತ್ ಮೀಟಿಂಗ್‌ನಲ್ಲಿ. ಅತ್ತ ರೇಂಜ್‌ನಲ್ಲಿ ಖೋಕಾ ಲೆಕ್ಕದಲ್ಲಿ ಒಂದು ಕಡಿಮೆ. ಪೂರ್ತಿ ಡಿಟೇಲ್ ಹುಲ್ಲಲ್ಲಿ ಕೂತು ಒಂದು ತಾಸು ಹುಡುಕಿತು. ಸಿಕ್ಕಿದ್ದು ನನ್ನ ಜರ್ಕಿನ್ ತೋಳಿನ ಮಡಿಕೆಯಲ್ಲಿ.

ಸಂಜೆ ಸಹಿ ಸಿಕ್ಕಿತು. ಮರುದಿನ ಸ್ಟ್ರಾಪ್ ಇಲ್ಲದ ಪಿಸ್ತೂಲಲ್ಲಿ ಅವಳು ಹತ್ತು ಹೊಡೆದಳು. ಒಂಬತ್ತು ನಡುವೆ, ಒಂದು ಸ್ವಲ್ಪ ಕೆಳಗೆ. ಆ ಒಂದು ನಿಜವಾದ ಸ್ನ್ಯಾಚ್. ಅವಳೇ ಹೇಳಿದಳು.

ಈಗ ನನ್ನ ರೇಂಜ್‌ನಲ್ಲಿ ಫೈರಿಂಗ್‌ಗೆ ಮುಂಚೆ ಪ್ರತಿಯೊಬ್ಬರೂ ಖಾಲಿ ಪಿಸ್ತೂಲು ಹಿಡಿದು ಬೆರಳು ತೋರಿಸಬೇಕು. ಪಿಸ್ತೂಲು ಸಿಕ್ಕಿ ಸ್ಟಾಪೇಜ್ ಆದರೆ ಮುಖ ತಿರುಗಲಿ, ಕೈ ತಿರುಗಬಾರದು ಅಂತ ದಿನಾ ಕೂಗುತ್ತೇನೆ. ದೊಡ್ಡ ಸ್ಟ್ರಾಪ್ ಉಳಿದಿರುವುದು ಎರಡೇ ಪಿಸ್ತೂಲಲ್ಲಿ, ಒಂದು ನನ್ನದು.

ಪಿಎಸ್‌ಒ ಪಟ್ಟಿ ಮಾತ್ರ ಹಿಂದಿನ ಸಂಜೆಯೇ ಹೋಗಿತ್ತು. ಅವಳ ಹೆಸರ ಮುಂದೆ ಫೇಲ್, ಕೆಳಗೆ ನನ್ನ ಸಹಿ. ತಿದ್ದಿಸಲು ಓಡಾಡಿದೆ, ಡ್ಯೂಟಿ ಪಾಸ್ ಪ್ರಿಂಟ್ ಆಗಿವೆ ಅಂದರು. ಅಧಿವೇಶನದ ಹತ್ತೂ ದಿನ ಅವಳಿಗೆ ಸುವರ್ಣ ಸೌಧದ ಹೊರಗೇಟು, ಬೆಳಗಿನ ಆರರ ಪಾಳಿ. ನನ್ನ ಜೀಪು ಬಂದಾಗೆಲ್ಲ ಸರಿಯಾಗಿ ಸೆಲ್ಯೂಟ್ ಹೊಡೆಯುತ್ತಿದ್ದಳು. ನಾನು ಡ್ರೈವರ್‌ಗೆ ಲಗೂ ನಡಿಯೋ ಅನ್ನುತ್ತಿದ್ದೆ.