ಬೆರಳು ಚುರ್ ಎಂದ ಮೇಲೆ
ಮೊನ್ನೆ ರಾತ್ರಿ ರೂಮ್ ಹೀಟರಿನ ಪ್ಲಗ್ ಕೀಳಲು ಹೋದರೆ ಬೆರಳು ಚುರ್ ಎಂದಿತು. ಎಕ್ಸ್‌ಟೆನ್ಷನ್ ಬಾಕ್ಸಿನ ತೂತಿನ ಸುತ್ತ ಬಿಳಿ ಪ್ಲಾಸ್ಟಿಕ್ ಕಂದು ಬಣ್ಣಕ್ಕೆ ತಿರುಗಿ ಮೆತ್ತಗಾಗಿತ್ತು. ತಪ್ಪು ನನ್ನದೇ. 2000 ವಾಟ್‌ನ ಹೀಟರ್ 230 ವೋಲ್ಟ್‌ನಲ್ಲಿ ಸುಮಾರು 8.7 ಆಂಪಿಯರ್ ಎಳೆಯುತ್ತದೆ. ಬಾಕ್ಸಿನ ಹಿಂದೆ 6 ಆಂಪಿಯರ್ ಅಂತ ಅಚ್ಚಾಗಿತ್ತು, ಓದಿದವರು ಯಾರು? ಈಗ ನೇರ ಗೋಡೆಯ 16 ಆಂಪಿಯರ್ ಸಾಕೆಟ್ಟಿಗೇ ಚುಚ್ಚುತ್ತೇನೆ. ಪರದೆ, ಹಾಸಿಗೆಯಿಂದ ಒಂದು ಮೀಟರ್ ದೂರ. ಹೀಟರಿನ ಮೇಲೆ ಒದ್ದೆ ಕಾಲುಚೀಲ ಒಣಗಿಸುವ ನನ್ನ ಚಾಳಿಯೂ ಬಂದ್ (ಅಮ್ಮನಿಗೆ ಇದರಲ್ಲೇ ಹೆಚ್ಚು ಖುಷಿ). ಉರುಳಿದರೆ ತಾನೇ ಆಫ್ ಆಗುತ್ತದೋ ಅಂತ ಹೀಟರನ್ನು ಬೇಕೆಂದೇ ಓರೆ ಮಾಡಿ ನೋಡಿದೆ: ಟಿಕ್ ಅಂತ ಆಫ್ ಆಯಿತು, ಸದ್ಯ! ಮಲಗುವ ಅರ್ಧ ಗಂಟೆ ಮೊದಲು ಹಾಕಿ, ಕೋಣೆ ಬೆಚ್ಚಗಾದ ಮೇಲೆ ಪ್ಲಗ್ ಕಿತ್ತು, ರಗ್ಗು ಹೊದ್ದು ಮಲಗುತ್ತೇನೆ.