ಪಕ್ಕದ ಸೀಟಿನಿಂದ ತುರಿನಿ ಘಟ್ಟ

ನೀಸ್ ವಿಮಾನ ನಿಲ್ದಾಣದ ಬಾಡಿಗೆ ಕಾರಿನ ಕೌಂಟರಿನಲ್ಲೇ ಮಾಂಟೆ ಕಾರ್ಲೊ ಕಾರ್ ರ್‍ಯಾಲಿಗೆ ಹೆಸರಾದ ತುರಿನಿ ಘಟ್ಟವನ್ನು ನಾನೇ ಓಡಿಸಿ ಹತ್ತುವ ಆಸೆಗೆ ಕಲ್ಲು ಬಿತ್ತು. ಬುಕಿಂಗ್ ನನ್ನ ಹೆಸರಿನಲ್ಲಿ, ಕೈಯಲ್ಲಿದ್ದದ್ದು ಡೆಬಿಟ್ ಕಾರ್ಡ್. ಠೇವಣಿಗೆ ಓಡಿಸುವವರ ಹೆಸರಿನ ಕ್ರೆಡಿಟ್ ಕಾರ್ಡೇ ಬೇಕಂತೆ! ಮುಂಚೆ ಯಾರೂ ಹೇಳಿರಲಿಲ್ಲ. ಒಂದೂವರೆ ಗಂಟೆ ವಾದಿಸಿದ ಮೇಲೆ ತಮ್ಮನ ಕಾರ್ಡಿಗೆ, ತಮ್ಮನ ಹೆಸರಿಗೆ ಕಾರು ಕೊಟ್ಟರು. ಹೋಗುವವರು ಈ ವಿಷಯ ಊರಲ್ಲೇ ವಿಚಾರಿಸಿಕೊಂಡು ಹೊರಡಿ. ಇಪ್ಪತ್ತು ವರ್ಷ ಕಾದ ಘಟ್ಟವನ್ನು ನಾನು ಪಕ್ಕದ ಸೀಟಿನಲ್ಲಿ ಕೂತು ಹತ್ತಿದೆ.

ನಮ್ಮ ಕಡೆ ರ್‍ಯಾಲಿ ಎಂದರೆ ಚಿಕ್ಕಮಗಳೂರಿನ ಕಾಫಿ ತೋಟದ ಮಣ್ಣುದಾರಿ, ಧೂಳೆಬ್ಬಿಸಿ ಅಡ್ಡಡ್ಡ ಜಾರುವ ಕಾರುಗಳು. ಫ್ರಾನ್ಸಿನ ರ್‍ಯಾಲಿ ಚಾಲಕ ಜಿಲ್ ಪಾನಿಜ್ಜಿ ಡಾಂಬರಿನ ಮನುಷ್ಯ. ಹುಟ್ಟಿದ್ದು 1965ರಲ್ಲಿ, ಈ ಬೆಟ್ಟಗಳ ಕೆಳಗೆ ಮೊನಾಕೊ ಪಕ್ಕದ ರೋಕ್‌ಬ್ರೂನ್‌ನಲ್ಲಿ. ಡಾಂಬರಿನಲ್ಲಿ ಜಾರಿದಷ್ಟೂ ಸಮಯ ಕಳೆಯುತ್ತದೆ. ತಡವಾಗಿ ಬ್ರೇಕ್ ಹಾಕಿ, ತಿರುವಿನ ಒಳಅಂಚು ಸವರಿ, ಚಕ್ರ ನೆಟ್ಟಗಾದ ಕೂಡಲೇ ಆಕ್ಸಿಲರೇಟರ್ ತುಳಿಯಬೇಕು. ಹಾಗೆ ಓಡಿಸಿಯೇ ಅವರು 1996, 1997ರಲ್ಲಿ ಪ್ಯೂಜೊ 306 ಮ್ಯಾಕ್ಸಿ ಕಾರಿನಲ್ಲಿ ಫ್ರಾನ್ಸಿನ ಚಾಂಪಿಯನ್ ಆದರು. ಆಮೇಲೆ ಪ್ಯೂಜೊ 206ರಲ್ಲಿ, 2000ದಿಂದ 2003ರೊಳಗೆ, ವಿಶ್ವ ರ್‍ಯಾಲಿಯಲ್ಲಿ 7 ಗೆಲುವು: ಇಟಲಿಯ ಸಾನ್‌ರೆಮೊ 3, ಫ್ರಾನ್ಸಿನ ಕೋರ್ಸಿಕಾ 2, ಸ್ಪೇನಿನ ಕತಲೂನ್ಯ 2. ಏಳೂ ಡಾಂಬರು ರಸ್ತೆಯಲ್ಲಿ. ಏಳರಲ್ಲೂ ಪಕ್ಕದಲ್ಲಿ ಕೂತು ತಿರುವಿನ ಟಿಪ್ಪಣಿ ಓದಿದವರು ಒಡಹುಟ್ಟಿದ ಎರ್ವೆ. ಎಲ್ಲ ನೆಲದಲ್ಲೂ ಗೆಲ್ಲುವ ಸೆಬಾಸ್ಟಿಯನ್ ಲೋಬ್ ಬಂದ ಮೇಲೆ ಇಂಥ ಡಾಂಬರಿಗೇ ಮೀಸಲಾದ ಚಾಲಕರನ್ನು ತಂಡಗಳು ಕೇಳುವುದು ಕಡಿಮೆಯಾಯಿತು. ನನಗೆ ಆ ನಷ್ಟ ಇನ್ನೂ ನೋಯುತ್ತದೆ.

ಸೋಸ್ಪೆಲ್ ದಾಟಿದ ಮೇಲೆ ಒಂದು ಕಡೆ ಬಂಡೆ, ಇನ್ನೊಂದು ಕಡೆ ಮೊಣಕಾಲೆತ್ತರದ ಕಲ್ಲುಕಟ್ಟೆ, ಅದರಾಚೆ ಪ್ರಪಾತ. ನಾನು ಫೋನಿನ ನಕ್ಷೆ ನೋಡಿ "ಎಡಕ್ಕೆ ಹೇರ್‌ಪಿನ್" ಎನ್ನುವಷ್ಟರಲ್ಲಿ ತಿರುವು ಮೂತಿಯ ಮುಂದೆಯೇ ಇರುತ್ತಿತ್ತು.

"ಅಣ್ಣಾ, ಬಂದ್ಮೇಲೆ ಹೇಳಿದ್ರೆ ಏನ್ ಪ್ರಯೋಜನ? ಮೊದ್ಲೇ ಹೇಳೋ!"

ಮೂವತ್ತು ಕಿಲೋಮೀಟರ್ ವೇಗದಲ್ಲೇ ನನ್ನ ಅಂಗೈ ಒದ್ದೆ. 2002ರ ಕತಲೂನ್ಯದಲ್ಲಿ, ಗೆಲ್ಲುವ ಓಟದ ನಡುವೆಯೇ, ಜಿಲ್ ಹೇರ್‌ಪಿನ್ ಒಂದರಲ್ಲಿ ಜನರಿಗಾಗಿ ಕಾರನ್ನು ಪೂರ್ತಿ ಒಂದು ಸುತ್ತು ತಿರುಗಿಸಿ ಮುಂದೆ ಹೋಗಿದ್ದರು. ಆ ವಿಡಿಯೊವನ್ನು ಎಷ್ಟು ಸಲ ನೋಡಿದ್ದೇನೋ. ಆದರೆ ಕಾರು ಸುತ್ತುವಾಗ ಎರ್ವೆಯ ಬೆರಳು ಪುಟದ ಯಾವ ಸಾಲಿನ ಮೇಲಿತ್ತು ಎಂದು ಯೋಚಿಸಿದ್ದು ಇಲ್ಲೇ ಮೊದಲು.

1607 ಮೀಟರ್ ಎತ್ತರದ ನೆತ್ತಿಯಲ್ಲಿ ಕಾಫಿಗೆ ನಿಂತೆವು. ಕಾಫಿ ಬರೀ ಕಹಿ, ಗಾಳಿ ಮಾತ್ರ ಅಮೃತ. ಪಕ್ಕದ ಮೇಜಿನ ಹಿರಿಯರಿಗೆ ಪಾನಿಜ್ಜಿ ಹೆಸರು ಹೇಳಿದ್ದೇ ತಡ, ಕುರ್ಚಿ ಎಳೆದುಕೊಂಡರು.

"ರಾತ್ರಿ ಓಟದಲ್ಲಿ ಮೊದಲು ಮರಗಳ ಮೇಲೆ ಬೆಳಕು ಬೀಸುತ್ತೆ, ಸದ್ದು ಆಮೇಲೆ. ಬರೋದು ಯಾರು ಅಂತ ಬ್ರೇಕಿನ ಸದ್ದಿನಲ್ಲೇ ಗೊತ್ತಾಗ್ತಿತ್ತು."

2005ರ ಮಾಂಟೆ ಕಾರ್ಲೊದಲ್ಲಿ ಇದೇ ಘಟ್ಟದಲ್ಲಿ ಪ್ರೇಕ್ಷಕರು ರಸ್ತೆಗೆ ಹಿಮ ಎರಚಿ, ಚಾಲಕರಾದ ಗ್ರೋನ್‌ಹೋಮ್, ಸೋಲ್ಬರ್ಗ್ ಇಬ್ಬರ ಕಾರೂ ಗೋಡೆಗೆ ಬಡಿದದ್ದರ ಬಗ್ಗೆ ಕೇಳಿದೆ. ಹಿರಿಯರು ತಲೆ ಅಲ್ಲಾಡಿಸಿದರು. "ನಾಚಿಕೆಗೇಡು. ನೋಡೋಕೆ ಬಂದವನು ಕೈ ಕಟ್ಟಿ ನೋಡ್ಬೇಕು." ಮಿತ್ಸುಬಿಶಿಯಲ್ಲಿ ಪಾನಿಜ್ಜಿ ಮೂರನೆಯವರಾಗಿದ್ದು ಅದೇ ಓಟದಲ್ಲಿ.

ಏಳುವಾಗ ಕೇಳಿದರು, "ನಿಮ್ಮಲ್ಲಿ ಓಡಿಸೋರು ಯಾರು?" ತಮ್ಮನನ್ನು ತೋರಿಸಿದೆ. "ಹಾಗಾದ್ರೆ ಎರ್ವೆ ನೀವು," ಎಂದು ನನ್ನ ಕೈ ಕುಲುಕಿದರು.

ಲಾ ಬೊಲೆನ್ ಕಡೆ ಇಳಿಯುವಾಗ ಫೋನನ್ನು ತೊಡೆಯ ಮೇಲಿಟ್ಟು ಎರಡು ತಿರುವು ಮುಂದಿನದನ್ನು ನೋಡತೊಡಗಿದೆ. "ಬಲಕ್ಕೆ, ಉದ್ದ, ಕೊನೆಗೆ ಬಿಗಿ" ಎಂದೆ. ತಮ್ಮ ಏನೂ ಕೇಳದೆ ಗೇರ್ ಇಳಿಸಿದ.